ಸಭಾಂಗಣದ ಒಂದೇ ಪ್ರೊಜೆಕ್ಟರಿಗೆ ಹಲವು ಲ್ಯಾಪ್‌ಟಾಪ್: ಚಿತ್ರ ಬಂದರೆ ಧ್ವನಿಯಿಲ್ಲ

ಪ್ರಶ್ನೆ – ಪದವಿ ಕಾಲೇಜಿನ ಅಧ್ಯಾಪಕ

ನಮ್ಮ ಸಭಾಂಗಣದ ಚಾವಣಿಯಲ್ಲಿರುವ ಪ್ರೊಜೆಕ್ಟರಿನಿಂದ ವೇದಿಕೆಯ ಮೇಜಿನವರೆಗೆ ಸುಮಾರು 15 ಮೀಟರ್ ಉದ್ದದ ಎಚ್‌ಡಿಎಂಐ (ಚಿತ್ರ, ಧ್ವನಿ ಎರಡನ್ನೂ ಒಯ್ಯುವ) ಕೇಬಲ್ಲನ್ನೂ ಹಳೆಯದೊಂದು ವಿಜಿಎ ಕೇಬಲ್ಲನ್ನೂ ಎಳೆಯಲಾಗಿದೆ. ಎಲ್ಲ ವಿಭಾಗದವರೂ ಅದನ್ನೇ ಬಳಸುತ್ತಾರೆ. ಎಚ್‌ಡಿಎಂಐಗೆ ಕೆಲವರ ಲ್ಯಾಪ್‌ಟಾಪ್ ಜೋಡಿಸಿದರೆ ಚಿತ್ರ ಬರುತ್ತದೆ, ಕೆಲವರದಕ್ಕೆ ‘ಸಿಗ್ನಲ್ ಇಲ್ಲ’ ಎಂಬ ನೀಲಿ ಪರದೆಯೇ ಗತಿ. ವಿಜಿಎಯಲ್ಲಿ ಚಿತ್ರ ಬರುತ್ತದೆಯಾದರೂ ಧ್ವನಿ ಲ್ಯಾಪ್‌ಟಾಪಿನಲ್ಲೇ ಉಳಿಯುತ್ತದೆ. ಮನೆಯ ಟಿವಿಯಲ್ಲಿ ಚೆನ್ನಾಗಿ ನಡೆಯುವ ಮೀಡಿಯಾ ಪ್ಲೇಯರ್ ಇಲ್ಲಿ ಬರೀ ಕಪ್ಪು ತೋರಿಸುತ್ತದೆ. ಪ್ರೊಜೆಕ್ಟರೇ ಕೆಟ್ಟಿದೆಯೆಂದು ಹೊಸದನ್ನು ಕೊಳ್ಳುವ ಮಾತು ನಡೆದಿದೆ. ಅದಕ್ಕೆ ಮೊದಲು ಏನನ್ನು ಪರೀಕ್ಷಿಸಬೇಕು?

ಉತ್ತರ 1 – ಸಭಾಂಗಣಗಳ ಧ್ವನಿ, ದೃಶ್ಯ ವ್ಯವಸ್ಥೆ ನೋಡಿಕೊಳ್ಳುವವರು

ಪ್ರೊಜೆಕ್ಟರಿನ ಮೇಲೆ ತಪ್ಪು ಹೊರಿಸುವ ಮೊದಲು ಕೇಬಲ್ಲನ್ನು ಶಂಕಿಸಿ. ಎಚ್‌ಡಿಎಂಐ ಕೇಬಲ್ಲಿನಲ್ಲಿ ಚಿತ್ರ ಸಾಗುವ ಜೋಡಿ ತಂತಿಗಳಲ್ಲದೆ, ಪ್ರೊಜೆಕ್ಟರ್ ಯಾವ ರೆಸಲ್ಯೂಷನ್ (ಚಿತ್ರದ ಸೂಕ್ಷ್ಮತೆ) ತೋರಿಸಬಲ್ಲದು ಎಂಬುದನ್ನು ಲ್ಯಾಪ್‌ಟಾಪ್ ಕೇಳಿ ತಿಳಿಯುವ ತಂತಿಗಳೂ ಇರುತ್ತವೆ. ಈ ಮಾಹಿತಿಗೆ ಇಡಿಐಡಿ ಎನ್ನುತ್ತಾರೆ. ಸಾಧಾರಣ ತಾಮ್ರದ ಕೇಬಲ್ 15 ಮೀಟರ್ ಉದ್ದವಾದಾಗ ಈ ಮಾತುಕತೆಯೂ ಚಿತ್ರದ ಸಂಕೇತವೂ ಸೊರಗುತ್ತವೆ, ಆದ್ದರಿಂದಲೇ ಒಂದು ಲ್ಯಾಪ್‌ಟಾಪಿಗೆ ಒಗ್ಗಿದ್ದು ಇನ್ನೊಂದಕ್ಕೆ ಒಗ್ಗುವುದಿಲ್ಲ. ಏಣಿ ಹಾಕಿಸಿ, ಎರಡು ಮೀಟರಿನ ಕೇಬಲ್ಲಿನಿಂದ ಲ್ಯಾಪ್‌ಟಾಪನ್ನು ನೇರವಾಗಿ ಪ್ರೊಜೆಕ್ಟರಿಗೆ ಜೋಡಿಸಿ ನೋಡಿ. ಅದಕ್ಕೂ ಮೊದಲು ರಿಮೋಟಿನಲ್ಲಿ ಸೋರ್ಸ್ (ಯಾವ ಕಿಂಡಿಯ ಚಿತ್ರ ಬೇಕೆಂಬ ಆಯ್ಕೆ) ಸರಿಯಿದೆಯೇ ಎಂದು ನೋಡಿ, ವಿಂಡೋಸ್ ಗುಂಡಿಯೊಡನೆ ‘ಪಿ’ ಒತ್ತಿ ‘ಡೂಪ್ಲಿಕೇಟ್’ ಆರಿಸಿಕೊಳ್ಳಿ. ಅರ್ಧ ದೂರುಗಳು ಅಲ್ಲಿಯೇ ಮುಗಿಯುವುದನ್ನು ನಾನು ಕಂಡಿದ್ದೇನೆ.

ವಿಜಿಎಯ 15 ಪಿನ್ನುಗಳಲ್ಲಿ ಧ್ವನಿಗೆ ಜಾಗವೇ ಇಲ್ಲ. ಲ್ಯಾಪ್‌ಟಾಪಿನ ಹೆಡ್‌ಫೋನ್ ಕಿಂಡಿಯಿಂದ ಆಂಪ್ಲಿಫೈಯರಿಗೆ ಪ್ರತ್ಯೇಕ ತಂತಿ ಬೇಕು.

ಉತ್ತರ 2 – ಚಿತ್ರಸಮಾಜವೊಂದರ ಸದಸ್ಯೆ

ಮೀಡಿಯಾ ಪ್ಲೇಯರಿನ ಕಪ್ಪು ಪರದೆಗೆ ಎರಡು ಕಾರಣ ಹೊಳೆಯುತ್ತವೆ. ಮನೆಯ ಟಿವಿ 4ಕೆ ಆಗಿದ್ದರೆ ಪ್ಲೇಯರ್ ಅದೇ ಸಂಕೇತವನ್ನು ಇಲ್ಲಿಗೂ ಕಳುಹಿಸುತ್ತಿರಬಹುದು. ತರುವ ಮೊದಲು ಮನೆಯಲ್ಲೇ ಅದಕ್ಕಿಂತ ಕಡಿಮೆ ರೆಸಲ್ಯೂಷನ್ನಾದ 1080ಪಿಗೆ ಇಳಿಸಿ. ಎರಡನೆಯದು ಎಚ್‌ಡಿಸಿಪಿ ಎಂಬ ನಕಲುತಡೆ: ಪ್ಲೇಯರಿಗೂ ಪ್ರೊಜೆಕ್ಟರಿಗೂ ನಡುವಿನ ಅದರ ಒಪ್ಪಂದವೂ ಮೇಲೆ ಹೇಳಿದ ಆ ಬಡಪಾಯಿ ತಂತಿಗಳ ಮೂಲಕವೇ ನಡೆಯಬೇಕು. ವಿಜಿಎ ಪರಿವರ್ತಕದ ಮೂಲಕವಂತೂ ನಕಲುತಡೆಯಿರುವ ಚಿತ್ರ ಸಾಮಾನ್ಯವಾಗಿ ಬರುವುದಿಲ್ಲ.

ಉತ್ತರ 3 – ಗ್ರಂಥಾಲಯ ಸಹಾಯಕ

ವೇದಿಕೆಯಲ್ಲಿ ಸಾಮಾನ್ಯ ಬಳಕೆಯ ಕಂಪ್ಯೂಟರೊಂದನ್ನು ಇಡುವುದಾದರೆ ಕನ್ನಡದ ಸ್ಲೈಡುಗಳ ಬಗ್ಗೆ ಎಚ್ಚರವಿರಲಿ. ‘ನುಡಿ’ ತಂತ್ರಾಂಶದ ಹಳೆಯ, ಯೂನಿಕೋಡ್ (ಎಲ್ಲ ಯಂತ್ರಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತ) ಅಲ್ಲದ ಫಾಂಟಿನಲ್ಲಿ ಬರೆದದ್ದು ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತದೆ. ಪಿಡಿಎಫ್ ಮಾಡಿ ತನ್ನಿರೆಂದು ನಾವು ಬಾಗಿಲಲ್ಲೇ ಬರೆದು ಅಂಟಿಸಿದ್ದೇವೆ.

ಪ್ರಶ್ನೆ ಕೇಳಿದವರು

ಏಣಿಯ ಮೇಲೆ ಲ್ಯಾಪ್‌ಟಾಪ್ ಹಿಡಿದು ನಿಂತದ್ದು ಸಾರ್ಥಕವಾಯಿತು: ಚಿಕ್ಕ ಕೇಬಲ್ಲಿನಲ್ಲಿ ಮೂರು ಲ್ಯಾಪ್‌ಟಾಪುಗಳೂ, 1080ಪಿಗೆ ಇಳಿಸಿದ ಪ್ಲೇಯರೂ ನಡೆದವು. ಈಗ ಗೋಡೆಯೊಳಗಿನ ಕಿರಿದಾದ ಕೊಳವೆಯಲ್ಲಿ ಯಾವ ಕೇಬಲ್ ಎಳೆಸಬೇಕೆಂಬುದೇ ಪ್ರಶ್ನೆ.

ಉತ್ತರ 1 ಬರೆದವರು

ಎಚ್‌ಡಿಎಂಐ ತಲೆ ಕೊಳವೆಯಲ್ಲಿ ತೂರದಿದ್ದರೆ ಕ್ಯಾಟ್ 6 ಎಂಬ ನೆಟ್‌ವರ್ಕ್ ತಂತಿಯನ್ನು ಬರಿದಾಗಿಯೇ ಎಳೆಸಿ, ಕನೆಕ್ಟರನ್ನು ಆಮೇಲೆ ಕೂರಿಸಿ, ಎರಡೂ ತುದಿಗಳಲ್ಲಿ ಎಚ್‌ಡಿಎಂಐ ಸಂಕೇತವನ್ನು ಆ ತಂತಿಯಲ್ಲಿ ಸಾಗಿಸುವ ಎಚ್‌ಡಿಬೇಸ್‌ಟಿ ಪೆಟ್ಟಿಗೆಗಳನ್ನು ಇಡಿ. ಆಪ್ಟಿಕಲ್ (ಸಂಕೇತವನ್ನು ಬೆಳಕಾಗಿ ಸಾಗಿಸುವ) ಎಚ್‌ಡಿಎಂಐ ಕೇಬಲ್ ಕೊಂಡರೆ ಅದಕ್ಕೆ ದಿಕ್ಕಿರುತ್ತದೆ. ‘ಸೋರ್ಸ್’ ಎಂದಿರುವ ತುದಿ ಮೇಜಿನ ಕಡೆಗೇ ಬರುವಂತೆ ಎಳೆಯುವ ಮುನ್ನ ನೋಡಿಕೊಳ್ಳಿ.