ಧರ್ಮಸ್ಥಳಕ್ಕೆ ಮತ್ತೆ ನಡೆದು ಹೋಗುವ ಆಸೆ, ಈ ಸಲ ಮನೆಯವರ ಜೊತೆ. ಹೋಗಿಬಂದವರು ಅನುಭವ ಹೇಳಿ

ಹಾಸನದಿಂದ ಕೇಳ್ತಿದ್ದೀನಿ. ಮದುವೆಗೆ ಮುಂಚೆ ಗೆಳೆಯರ ಜೊತೆ ಶಿವರಾತ್ರಿಗೆ ಬೇಲೂರು, ಮೂಡಿಗೆರೆ, ಚಾರ್ಮಾಡಿ ಮೇಲೆ ಧರ್ಮಸ್ಥಳಕ್ಕೆ ನಡೆದು ಹೋಗಿದ್ದೆ. ರಾತ್ರಿಯೆಲ್ಲ ನಡೆಯೋದು, ಹಗಲು ಎಲ್ಲಿ ನೆರಳು ಸಿಕ್ಕರೆ ಅಲ್ಲಿ ಟವೆಲ್ ಹಾಸಿ ಮಲಗೋದು. ಅದೇ ಗೆಳೆಯರು, ಈಗ ಎಲ್ಲರೂ ಸಂಸಾರಸ್ಥರು, ಮುಂದಿನ ಶಿವರಾತ್ರಿಗೆ ಮನೆಯವರನ್ನೂ ಕರ್ಕೊಂಡು ಹೋಗೋಣ ಅಂತಿದ್ದಾರೆ. ನನ್ನ ಕಡೆಯಿಂದ ಹೆಂಡತಿ, ಐದನೇ ಕ್ಲಾಸಿನ ಮಗ, ಮತ್ತೆ ಅಮ್ಮ. ಅಮ್ಮನಿಗೆ ಅರವತ್ತು ದಾಟಿದೆ, ಮಂಡಿನೋವು ಇದೆ. ಆದರೆ ಹರಕೆ ಹೊತ್ತಿದ್ದಾರೆ, ನಡೆದೇ ಬರ್ತೀನಿ ಅಂತಾರೆ. ಎಲ್ಲಿಂದ ಶುರು ಮಾಡೋದು ಒಳ್ಳೇದು? ದಿನಕ್ಕೆ ಎಷ್ಟು ನಡೆಯಬಹುದು? ಜೊತೆಗೆ ಗಾಡಿ ಇರಬೇಕಾ?

ಚಿಕ್ಕಮಗಳೂರಿನಿಂದ

ನಮ್ಮದು ಅತ್ತೆ, ನಾದಿನಿ, ಮಕ್ಕಳು, ಪಕ್ಕದ ಮನೆಯವರು ಎಲ್ಲ ಸೇರಿ ಹೋಗುವ ಗುಂಪು, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ.

ನಿಮ್ಮ ಹಳೇ ಲೆಕ್ಕ ಮೊದಲು ಬಿಟ್ಟುಬಿಡಿ. ಹುಡುಗರ ಗುಂಪು ನಡೆಯೋದು ಎಲ್ಲರಿಗಿಂತ ಮುಂದೆ ಇರೋನನ್ನ ನೋಡಿಕೊಂಡು. ಮನೆಯವರ ಜೊತೆ ಹೋಗುವಾಗ ಎಲ್ಲರಿಗಿಂತ ಹಿಂದೆ ಇರೋರನ್ನ ನೋಡಿಕೊಂಡು ನಡೀಬೇಕು. ಇದೊಂದನ್ನ ನಿಮ್ಮ ಗೆಳೆಯರಿಗೆ ಹೊರಡುವ ಮೊದಲೇ ಕೂರಿಸಿಕೊಂಡು ಹೇಳಿ. ದಾರಿಯಲ್ಲಿ ಹೇಳಿದರೆ ಆಗಲ್ಲ, ಅಷ್ಟೊತ್ತಿಗೆ ಅವರು ಎರಡು ತಿರುವು ಮುಂದೆ ಇರ್ತಾರೆ. ನಮ್ಮಲ್ಲಿ ಗುಂಪಿನ ಕೊನೆಗೆ ಯಾವಾಗಲೂ ಒಬ್ಬ ಗಟ್ಟಿಗ ಇರ್ತಾನೆ, ಅವನು ಯಾರನ್ನೂ ದಾಟೋ ಹಾಗಿಲ್ಲ.

ದೂರದ ಮಾತು. ಹಾಸನದಿಂದ ಬೇಲೂರು ಸುಮಾರು 40 ಕಿ.ಮೀ., ಅಲ್ಲಿಂದ ಮೂಡಿಗೆರೆ ಸುಮಾರು 30. ಮೂಡಿಗೆರೆಯಿಂದ ಹ್ಯಾಂಡ್‌ಪೋಸ್ಟ್, ಬಣಕಲ್ ಮೇಲೆ ಕೊಟ್ಟಿಗೆಹಾರ, ಘಾಟಿ ಇಳಿದು ಉಜಿರೆ, ಧರ್ಮಸ್ಥಳ. ಮೂಡಿಗೆರೆಯಿಂದ ಆಚೆಗೇ 65ರ ಆಸುಪಾಸು ಆಗುತ್ತೆ. ಪೂರ್ತಿ ದಾರಿ ನಡೆಯೋ ಆಸೆ ಇರೋ ಗಂಡಸರು ಹಾಸನದಿಂದಲೇ ಹೊರಡಲಿ. ಹೆಂಗಸರು ಮಕ್ಕಳು ಬಸ್ಸಲ್ಲಿ ಬಂದು ಮೂಡಿಗೆರೆಯಲ್ಲಿ ಕೂಡಿಕೊಳ್ಳಲಿ. ಅಲ್ಲಿಂದ ಮೂರು ದಿನ ಇಟ್ಟುಕೊಳ್ಳಿ: ಮೊದಲ ದಿನ ಕೊಟ್ಟಿಗೆಹಾರದ ತನಕ, ಎರಡನೇ ದಿನ ಘಾಟಿ ಇಳಿದು ಚಾರ್ಮಾಡಿ ಇಲ್ಲ ಕಕ್ಕಿಂಜೆ, ಮೂರನೇ ದಿನ ಮುಂಡಾಜೆ, ಉಜಿರೆ ದಾಟಿ ನೇತ್ರಾವತಿ. ದಿನಕ್ಕೆ ಇಪ್ಪತ್ತು, ಇಪ್ಪತ್ತೈದು ಕಿ.ಮೀ. ಮಕ್ಕಳಿಗೆ ಅಷ್ಟು ಸಾಕು.

ಎಲ್ಲರೂ ದೂರಕ್ಕೆ ಹೆದರ್ತಾರೆ. ನಮ್ಮ ಕಡೆಯಿಂದ ಹೋಗೋರಿಗೆ ನಿಜವಾಗಿ ಕಷ್ಟ ಕೊಡೋದು ಇಳಿಜಾರು. ಮಂಗಳೂರು ಕಡೆಯಿಂದ ಬರೋರಿಗೆ ಚಾರ್ಮಾಡಿ ಹತ್ತೋ ಘಾಟಿ, ನಮಗೆ ಇಳಿಯೋ ಘಾಟಿ. ಇಳಿಯೋದು ಸಲೀಸು ಅಂದುಕೊಂಡು ಎಲ್ಲರೂ ದಾಪುಗಾಲು ಹಾಕ್ತಾರೆ. ಒಂದೊಂದು ಹೆಜ್ಜೆಗೂ ಮೈಭಾರ ಎಲ್ಲ ಮಂಡಿ ಮೇಲೆ, ಬೆರಳ ತುದಿ ಮೇಲೆ ಬೀಳುತ್ತೆ. ಕೆಳಗೆ ಬಂದು ಶೂ ಬಿಚ್ಚಿದಾಗ ಹೆಬ್ಬೆರಳಿನ ಉಗುರು ಕಪ್ಪಗಾಗಿರುತ್ತೆ. ಹೊರಡುವ ಎರಡು ದಿನ ಮುಂಚೆ ಉಗುರು ಚೆನ್ನಾಗಿ ಕತ್ತರಿಸಿಕೊಳ್ಳಿ. ಶೂ ಹಳೇದಿರಲಿ, ಬೆರಳ ಮುಂದೆ ಸ್ವಲ್ಪ ಜಾಗ ಇರಲಿ. ಇಳಿಯುವಾಗ ಹೆಜ್ಜೆ ಚಿಕ್ಕದು, ಕೈಯಲ್ಲೊಂದು ಕೋಲು. ಅಮ್ಮನಿಗೆ ಕೋಲು ಬೇಡ ಅನ್ನಿಸಿದರೂ ಕೊಡಿ.

ಇದಕ್ಕೆ ಅಭ್ಯಾಸ ಬೇಕು ಅಂದರೆ ನಿಮಗೆ ಹತ್ತಿರದಲ್ಲೇ ಇದೆ. ಶ್ರವಣಬೆಳಗೊಳದ ವಿಂಧ್ಯಗಿರಿ ಹತ್ತಿ ಇಳಿದು ನೋಡಿ. ಬರಿಗಾಲಲ್ಲಿ ಆ ಬಂಡೆ ಮೆಟ್ಟಿಲು ಇಳಿದ ಮಾರನೇ ದಿನ ಯಾರ ಮಂಡಿ ಏನು ಹೇಳುತ್ತೆ ಅಂತ ಗೊತ್ತಾಗುತ್ತೆ. ನಮ್ಮ ಮಕ್ಕಳು ದೀಪಾವಳಿಗೆ ದೇವೀರಮ್ಮನ ಬೆಟ್ಟ ಹತ್ತಿದವರು, ಅವರಿಗೆ ಚಾರ್ಮಾಡಿ ಭಾರ ಅನ್ನಿಸಲೇ ಇಲ್ಲ.

ಕೊಟ್ಟಿಗೆಹಾರ ಬಿಡೋದು ಬೆಳಕು ಹರಿದ ತಕ್ಷಣ. ಆಗ ಮಂಜು, ಚಳಿ, ಸ್ವೆಟರ್ ಬೇಕು. ಅಣ್ಣಪ್ಪ ಸ್ವಾಮಿ ಗುಡಿಯಲ್ಲಿ ಕೈ ಮುಗಿದು, ಅಲ್ಲೇ ಸ್ವಲ್ಪ ಕೂತು ಮುಂದಕ್ಕೆ ಹೋಗಿ. ತಿರುವುಗಳಲ್ಲಿ ಗಾಡಿಗಳ ಬ್ರೇಕ್ ಸುಟ್ಟ ವಾಸನೆ ಮೂಗಿಗೆ ಹೊಡೆಯುತ್ತೆ, ಅಲ್ಲಿ ಮಕ್ಕಳ ಕೈ ಬಿಡಬೇಡಿ. ಮೇಲೆ ಸಾವಿರ ಮೀಟರಿನ ಹತ್ತಿರ ಎತ್ತರ, ಕೆಳಗೆ ಉಜಿರೆ ನೂರರ ಆಸುಪಾಸು. ಬೆಳಿಗ್ಗೆ ಸ್ವೆಟರ್ ಹಾಕಿದವರೇ ಮಧ್ಯಾಹ್ನ ಬೆವರಲ್ಲಿ ಒದ್ದೆಯಾಗ್ತಾರೆ. ಬರೀ ನೀರು ಕುಡಿದರೆ ಸಾಲದು, ಉಪ್ಪು ಹಾಕಿದ ಮಜ್ಜಿಗೆ, ಓಆರ್‌ಎಸ್ ಇಟ್ಟುಕೊಳ್ಳಿ. ಮೂರನೇ ದಿನ ಹನ್ನೊಂದು ಗಂಟೆ ಮೇಲೆ ನಡೆಯಲೇಬೇಡಿ, ಎಲ್ಲಾದರೂ ಮಲಗಿ ನಾಲ್ಕರ ಮೇಲೆ ಎದ್ದು ಹೊರಡಿ. ಡಾಂಬರು ಕಾದಾಗ ಬರಿಗಾಲಿನವರು ರಸ್ತೆ ಅಂಚಿನ ಬಿಳಿ ಪಟ್ಟಿ ಮೇಲೇ ಒಬ್ಬರ ಹಿಂದೊಬ್ಬರು ಹೋಗೋದನ್ನ ನೀವೂ ನೋಡಿರ್ತೀರ. ಅಷ್ಟು ಅಗಲದ ಪಟ್ಟಿ ಬಿಟ್ಟರೆ ಕಾಲಿಡೋಕೆ ಜಾಗ ಇರಲ್ಲ.

ಗಾಡಿ ಇರಲಿ, ಆದರೆ ಹಿಂದೆ ಹಿಂದೆ ಬರೋದು ಬೇಡ. ಘಾಟಿಯಲ್ಲಿ ನಿಲ್ಲಿಸೋಕೆ ಜಾಗ ಇಲ್ಲ, ನಿಧಾನಕ್ಕೆ ಬಂದರೆ ಹಿಂದಿನ ಬಸ್ಸಿನವರು ಓವರ್‌ಟೇಕ್ ಮಾಡೋಕೆ ಹೋಗಿ ನಡೆಯೋರ ಮೇಲೇ ಬರ್ತಾರೆ. ಕೊಟ್ಟಿಗೆಹಾರದಲ್ಲಿ ಒಮ್ಮೆ ಸಿಗಲಿ, ಆಮೇಲೆ ಕೆಳಗೆ ಚಾರ್ಮಾಡಿ ಊರಲ್ಲಿ ಕಾಯಲಿ.

ಮೂಡಿಗೆರೆಯಿಂದ

ರಾತ್ರಿ ನಡಿಗೆ ಈಗ ಬೇಡವೇ ಬೇಡ ಮಾರಾಯ್ರೆ. ನೀವು ಹೋಗಿದ್ದ ಕಾಲದ ಮಾತು ಬೇರೆ. ಈಗ ಬೇಲೂರು, ಮೂಡಿಗೆರೆ ಕಡೆ ತೋಟದೊಳಗೇ ಕಾಡಾನೆ ಓಡಾಟ. ತೋಟದ ಕೆಲಸದವರೇ ಬೆಳಕಾಗದೆ ಮನೆಯಿಂದ ಹೊರಗೆ ಬರಲ್ಲ. ಚಾರ್ಮಾಡಿ ರಸ್ತೆಯಲ್ಲೂ ಆನೆ ಕಾಣಿಸಿಕೊಳ್ಳುತ್ತೆ. ಸಂಜೆ ಆರಕ್ಕೆ ಎಲ್ಲಿ ಉಳಿಯೋದು ಅಂತ ಬೆಳಿಗ್ಗೆಯೇ ನಿಶ್ಚಯ ಆಗಿರಬೇಕು.

ಮಂಜಲ್ಲಿ ಕಪ್ಪು ಬಟ್ಟೆ ಕಾಣಲ್ಲ. ಎಲ್ಲರ ಬ್ಯಾಗಿಗೂ ರಿಫ್ಲೆಕ್ಟರ್ ಪಟ್ಟಿ ಅಂಟಿಸಿ, ಎದುರಿಗೆ ಬರೋ ಗಾಡಿ ಕಾಣೋ ಹಾಗೆ ಬಲಗಡೆ ನಡೀರಿ. ಇನ್ನೊಂದು, 2019ರ ಆಗಸ್ಟ್ ಮಳೆಗೆ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ತುಂಬಾ ದಿನ ಬಂದ್ ಆಗಿತ್ತು. ಆಮೇಲೆ ಬಹಳ ಕಡೆ ಬದಲಾಗಿದೆ. ಹಳೇ ನೆನಪಿನ ಮೇಲೆ ಇಲ್ಲೊಂದು ಕಟ್ಟೆ ಇತ್ತು, ಅಲ್ಲಿ ಕೂರೋಣ ಅಂತ ಲೆಕ್ಕ ಹಾಕಬೇಡಿ.

ಬೇಲೂರಿನಿಂದ, ನಿಮ್ಮ ಮನೆಯವರಿಗೆ

ಅಕ್ಕ, ಗಂಡಸರು ಇದನ್ನ ಬರೆಯಲ್ಲ, ನಾನು ಬರೀತೀನಿ. ಶೌಚಾಲಯಕ್ಕೆ ತೊಂದರೆ ಆಗುತ್ತೆ ಅಂತ ನೀರು ಕುಡಿಯೋದು ಕಮ್ಮಿ ಮಾಡಬೇಡಿ. ಬಹಳ ಹೆಂಗಸರು ಹಾಗೆ ಮಾಡಿ ಉರಿಮೂತ್ರ ಬರಿಸಿಕೊಂಡು ಅರ್ಧದಲ್ಲಿ ವಾಪಸ್ ಆಗ್ತಾರೆ. ಪೆಟ್ರೋಲ್ ಬಂಕ್, ಹೋಟೆಲ್ ಸಿಕ್ಕಾಗೆಲ್ಲ ಬೇಕೋ ಬೇಡವೋ ಹೋಗಿಬನ್ನಿ. ಕೊಟ್ಟಿಗೆಹಾರ ಬಿಟ್ಟರೆ ಕೆಳಗಿನ ತನಕ ಏನೂ ಇಲ್ಲ ಅಂತಲೇ ತಿಳ್ಕೊಳ್ಳಿ. ಪ್ಯಾಡ್ ಇಟ್ಟುಕೊಂಡಿರಿ, ಮುಟ್ಟು ಒಂದೆರಡು ದಿನ ಹಿಂದೆ ಮುಂದೆ ಆಗೋದುಂಟು.

ತೊಡೆ ಉಜ್ಜಿ ಉರಿ ಏಳುತ್ತೆ, ಬೆಳಿಗ್ಗೆ ಸಂಜೆ ಕೊಬ್ಬರಿ ಎಣ್ಣೆ ಹಚ್ಚಿ. ಕಾಲು ಎಲ್ಲಿ ಉಜ್ಜುತ್ತಿದೆ ಅನ್ನಿಸುತ್ತೋ ಅಲ್ಲಿಗೆ ಆಗಲೇ ಟೇಪ್ ಸುತ್ತಿ, ಬೊಬ್ಬೆ ಏಳೋ ತನಕ ಕಾಯಬೇಡಿ. ಎದ್ದ ಮೇಲೆ ಸಿಪ್ಪೆ ಕೀಳಬೇಡಿ. ಸಕ್ಕರೆ ಕಾಯಿಲೆ ಇರೋರು ಗುಂಪಲ್ಲಿದ್ದರೆ ಬರಿಗಾಲಿನ ಹರಕೆಗೆ ಒಪ್ಪಲೇಬೇಡಿ, ಅವರಿಗೆ ಗಾಯ ಆಗಿದ್ದೇ ಗೊತ್ತಾಗಲ್ಲ.

ಬಣಕಲ್‌ನಿಂದ

ನಾವು ಪಾದಯಾತ್ರೆಯವರಿಗೆ ದಾರಿಯಲ್ಲಿ ಮಜ್ಜಿಗೆ, ಕಲ್ಲಂಗಡಿ ಕೊಡೋರು. ಈ ದಾರಿಯಲ್ಲಿ ಊಟಕ್ಕೆ ಯೋಚನೆ ಮಾಡಬೇಡಿ. ಶಿವರಾತ್ರಿ ಹತ್ತಿರ ಆದಾಗ ಮೈಲಿಗೊಂದು ಕಡೆ ಶಾಮಿಯಾನ ಹಾಕಿ ಉಪ್ಪಿಟ್ಟು, ಚಿತ್ರಾನ್ನ, ಪಾನಕ ಕೊಡ್ತಾರೆ, ಕಾಲಿಗೆ ಎಣ್ಣೆ ತಿಕ್ಕೋರೂ ಇರ್ತಾರೆ. ಕೊಟ್ಟಿದ್ದೆಲ್ಲ ತಿನ್ನಬೇಕು ಅಂತ ಏನಿಲ್ಲ. ಬೇಡ ಅಂದರೆ ನಮಗೆ ಬೇಜಾರಿಲ್ಲ, ತಗೊಂಡು ಮುಂದೆ ಹೋಗಿ ರಸ್ತೆ ಬದಿಗೆ ಸುರಿದರೆ ಹೊಟ್ಟೆ ಉರಿಯುತ್ತೆ.

ಒಂದೇ ಕೋರಿಕೆ. ಒಬ್ಬೊಬ್ಬರಿಗೆ ಒಂದು ಸ್ಟೀಲ್ ಲೋಟ, ಒಂದು ತಟ್ಟೆ ತನ್ನಿ. ಶಿವರಾತ್ರಿ ಮುಗಿದ ಮಾರನೇ ವಾರ ಘಾಟಿ ಕಡೆ ಹೋಗಿ ನೋಡಿ, ಕಣಿವೆಗೆ ಬಿದ್ದ ಪ್ಲಾಸ್ಟಿಕ್ ಬಾಟಲಿ, ಲೋಟ ಎತ್ತೋಕೆ ಯಾರಿಂದಲೂ ಸಾಧ್ಯ ಇಲ್ಲ, ಅಷ್ಟು ಆಳ. ಆ ಕಣಿವೆಯ ನೀರೆಲ್ಲ ಕೊನೆಗೆ ನೀವು ಮುಳುಗು ಹಾಕೋ ನೇತ್ರಾವತಿಗೇ ಸೇರೋದು. ಕೋತಿಗಳಿಗೂ ಏನೂ ಹಾಕಬೇಡಿ. ಬಿಸ್ಕೆಟ್ ಆಸೆಗೆ ರಸ್ತೆಗೆ ಬಂದು ಗಾಡಿಗೆ ಸಿಕ್ಕಿ ಸಾಯ್ತವೆ. ನಿಮ್ಮ ಮಗನಿಗೆ ಇದನ್ನ ಮನೆಯಲ್ಲೇ ಹೇಳಿಕೊಡಿ.

ಹಾಸನದಿಂದಲೇ ಇನ್ನೊಬ್ಬರು

ಅಮ್ಮನವರ ವಿಷಯ. ನಮ್ಮ ತಾಯಿಯದೂ ಇದೇ ಹಠ ಇತ್ತು. ಬೇಡ ಅಂದಷ್ಟೂ ಅವರಿಗೆ ದೇವರಿಗೆ ಕೊಟ್ಟ ಮಾತು ತಪ್ಪಿದೆ ಅನ್ನೋ ಸಂಕಟ. ರಾತ್ರಿ ನಿದ್ದೆ ಮಾಡ್ತಿರಲಿಲ್ಲ. ಕೊನೆಗೆ ನಾವು ವಾದ ಮಾಡೋದು ಬಿಟ್ಟು, ಹರಕೆ ಹೊತ್ತಾಗ ಏನಂತ ಹೇಳಿಕೊಂಡಿದ್ರಿ ಅಂತ ಕೇಳಿದ್ವಿ. "ನಡೆದು ಬಂದು ನಿನ್ನ ದರ್ಶನ ಮಾಡ್ತೀನಿ ಅಂದಿದ್ದೆ" ಅಂದ್ರು. ಎಲ್ಲಿಂದ ಅಂತ ಹೇಳಿಕೊಂಡಿರಲೇ ಇಲ್ಲ. ಉಜಿರೆಯಿಂದ ನಡೆಸಿದ್ವಿ, ಒಂಬತ್ತು ಕಿ.ಮೀ. ಆಸುಪಾಸು, ಅಲ್ಲಲ್ಲಿ ಕೂರಿಸಿಕೊಂಡು. ನೇತ್ರಾವತಿಯಲ್ಲಿ ಸ್ನಾನ ಮಾಡಿಸಿ, ಅಲ್ಲಿಂದ ದೇವಸ್ಥಾನದ ತನಕ ಅವರು ಯಾರ ಕೈಯನ್ನೂ ಹಿಡಿಯಲಿಲ್ಲ. ನೀವೂ ಒಮ್ಮೆ ಕೇಳಿ ನೋಡಿ.

ಶಿವರಾತ್ರಿ ಜನಸಂದಣಿ ಅವರಿಗೆ ಆಗಲ್ಲ ಅನ್ನಿಸಿದರೆ ಕಾರ್ತಿಕದ ಲಕ್ಷದೀಪೋತ್ಸವ ಇದೆ. ಆಗ ಉಜಿರೆ ಜನಾರ್ದನ ಸ್ವಾಮಿ ದೇವಸ್ಥಾನದಿಂದ ಧರ್ಮಸ್ಥಳಕ್ಕೆ ಪಾದಯಾತ್ರೆ ಹೊರಡುತ್ತೆ, ಸಾವಿರಾರು ಜನ ಜೊತೆಗಿರ್ತಾರೆ, ವಯಸ್ಸಾದವರೂ ಬಹಳ. ಬಿಸಿಲೂ ಅಷ್ಟಿರಲ್ಲ. ಏನೇ ಆದರೂ ಮೊದಲು ಮೂಳೆ ಡಾಕ್ಟರಿಗೆ ತೋರಿಸಿ.

ಕೇಳಿದವರು, ಹಾಸನ

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ ಈಗಷ್ಟೇ ಓದಿ ಹೇಳಿದೆ. ಉಜಿರೆಯಿಂದ ಅಂದರೆ ಒಪ್ಪಲಿಲ್ಲ, ಮುಂಡಾಜೆಯಿಂದ ಅಂದಾಗ ಸರಿ ಅಂದ್ರು, ಅದೂ ಎರಡು ದಿನಕ್ಕೆ ಹಂಚಿಕೊಂಡು. ಗೆಳೆಯರಲ್ಲಿ ಇಬ್ಬರು ಮಾತ್ರ ಹಾಸನದಿಂದ ನಡೀತಾರಂತೆ, ನಾನು ಮಗನ ಜೊತೆ ಮೂಡಿಗೆರೆಯಿಂದ. ಶಿವರಾತ್ರಿ ಮಾರನೇ ದಿನ ವಾಪಸ್ ಬರೋಕೆ ಬಸ್ಸಿಗೆ ನೂಕುನುಗ್ಗಲು ಇರುತ್ತಾ?

ಚಿಕ್ಕಮಗಳೂರಿನಿಂದ

ಬಹಳ ಇರುತ್ತೆ. ಜಾಗರಣೆ ಮುಗಿಸಿ ಬೆಳಿಗ್ಗೆ ಎಲ್ಲರೂ ಒಟ್ಟಿಗೇ ಸ್ಟ್ಯಾಂಡಿಗೆ ಬರ್ತಾರೆ. ಹೆಚ್ಚುವರಿ ಬಸ್ಸು ಬಿಟ್ಟರೂ ಸೀಟು ಸಿಗೋದು ಕಷ್ಟ, ನಡೆದು ದಣಿದ ಕಾಲಲ್ಲಿ ಹಾಸನದ ತನಕ ನಿಂತು ಬರೋಕಾಗಲ್ಲ. ನೀವು ದೇವಸ್ಥಾನದ ಊಟದ ಮನೆ ಅನ್ನಪೂರ್ಣದಲ್ಲಿ ಊಟ ಮಾಡಿ, ಮಧ್ಯಾಹ್ನ ಮಲಗಿ, ಸಂಜೆ ಮೇಲೆ ಹೊರಡಿ. ಅಮ್ಮನನ್ನ ನಿಮ್ಮ ಗಾಡಿಯಲ್ಲೇ ಕಳಿಸಿ, ಡ್ರೈವರ್‌ಗೂ ಹಗಲು ನಿದ್ದೆ ಆಗಿರಲಿ.