ಸಹಾಯ ಬೇಕು: ಬಿಸಿಯಾದ ಮೇಲೆ ಆಯಿಲ್ ಪ್ರೆಷರ್ ಮುಳ್ಳು ಬೀಳ್ತಿದೆ

ಸೆಕೆಂಡ್ ಹ್ಯಾಂಡ್ ಡೀಸೆಲ್ ಜೀಪು, 4 ಸಿಲಿಂಡರ್, 15ಡಬ್ಲ್ಯೂ-40 ಆಯಿಲ್. ತಣ್ಣಗಿದ್ದಾಗ 50 ಪಿಎಸ್ಐ ತೋರಿಸುತ್ತೆ. ಅರ್ಧ ಗಂಟೆ ಓಡಿದ ಮೇಲೆ ಐಡ್ಲಿಂಗಲ್ಲಿ 6, 2000 ಆರ್‌ಪಿಎಂಗೆ 18. ಸಿಗ್ನಲ್‌ನಲ್ಲಿ ನಿಂತಾಗ ಮುಳ್ಳು ಸಣ್ಣಗೆ ನಡುಗುತ್ತೆ, ಕೆಂಪು ಲೈಟು ಮಿಣುಕುತ್ತೆ. ಸಾವಿರ ಆರ್‌ಪಿಎಂಗೆ 10 ಪಿಎಸ್ಐ ಅನ್ನೋ ಅಂದಾಜಿಗೆ ಇದು ಕಮ್ಮಿ.

ಸೆಂಡರ್ (ಗೇಜಿಗೆ ಪ್ರೆಷರ್ ತಿಳಿಸೋ ಸೆನ್ಸರ್) ಬಿಚ್ಚಿ ಅದೇ ತೂತಿಗೆ ಮೆಕ್ಯಾನಿಕಲ್ ಗೇಜ್ ಹಾಕಿ ನೋಡಿದ್ದಾಯ್ತು, ಅದೇ ರೀಡಿಂಗ್. ಹಾಗಾಗಿ ವೈರಿಂಗ್, ಸೆಂಡರ್ ತಪ್ಪಲ್ಲ. ಡಿಪ್‌ಸ್ಟಿಕ್ ಲೆವೆಲ್ ಸರಿಯಿದೆ, ಏರಿಲ್ಲ, ಡೀಸೆಲ್ ವಾಸನೆಯೂ ಇಲ್ಲ, ಅಂದರೆ ಡೀಸೆಲ್ ಸೇರಿ ಆಯಿಲ್ ತೆಳುವಾಗಿಲ್ಲ. ರಿಲೀಫ್ ವಾಲ್ವ್ (ಹೆಚ್ಚಾದ ಪ್ರೆಷರ್ ಬಿಡೋ ವಾಲ್ವ್) ತೆರೆದು ಸಿಕ್ಕಿಕೊಂಡಿದ್ದರೆ ತಣ್ಣಗಿದ್ದಾಗಲೂ 50 ಬರೋದು ಕಷ್ಟ. ಸ್ಟ್ರೈನರ್ (ಪಂಪ್ ಆಯಿಲ್ ಎಳೆಯೋ ಕಡೆಯ ಜಾಲರಿ) ಕಟ್ಟಿದ್ದರೆ ರೇಸ್ ಕೊಟ್ಟಾಗ ಬೀಳಬೇಕಿತ್ತು, ಇಲ್ಲಿ ಏರುತ್ತೆ. ಉಳಿದದ್ದು ಬೇರಿಂಗ್ ಸವೆತ ಅಥವಾ ಪಂಪ್ ಸವೆತ. ಲೋಡಲ್ಲಿ ನಾಕಿಂಗ್ (ಬೇರಿಂಗ್ ಬಡಿಯೋ ಸದ್ದು) ಇನ್ನೂ ಇಲ್ಲ.

ಇನ್ನೂ ದಪ್ಪನೆಯ 20ಡಬ್ಲ್ಯೂ-50 ಆಯಿಲ್ ಹಾಕಿ ಅಂತ ದಯವಿಟ್ಟು ಹೇಳಬೇಡಿ. ಮುಳ್ಳು ಏರುತ್ತೆ, ಬೇರಿಂಗಿನ ಗ್ಯಾಪ್ ಹಾಗೇ ಇರುತ್ತೆ.

ಕೇಳಬೇಕಾದ್ದು: ಇಂಜಿನ್ ಇಳಿಸದೆ, ಸಂಪ್ (ಕೆಳಗಿನ ಆಯಿಲ್ ತಟ್ಟೆ) ಮಾತ್ರ ಬಿಚ್ಚಿ ಬಿಗ್ ಎಂಡ್ (ಕನೆಕ್ಟಿಂಗ್ ರಾಡಿನ ಬೇರಿಂಗ್), ಮೇನ್ (ಕ್ರ್ಯಾಂಕಿನ ಬೇರಿಂಗ್) ಎರಡಕ್ಕೂ ಪ್ಲಾಸ್ಟಿಗೇಜ್ (ಗ್ಯಾಪ್ ಅಳೆಯೋ ಪ್ಲಾಸ್ಟಿಕ್ ಎಳೆ) ಇಟ್ಟು ಅಳೆದವರು ಇದ್ದೀರಾ? ಮುಂದಿನ ಆಕ್ಸಲ್ ಅಡ್ಡ ಬರುತ್ತಾ? ಬೇರಿಂಗ್ ಶೆಲ್‌ನಲ್ಲಿ ಮೇಲಿನ ಪದರ ಸವೆದು ತಾಮ್ರ ಕಂಡರೂ ಜರ್ನಲ್‌ಗೆ (ಬೇರಿಂಗಲ್ಲಿ ತಿರುಗೋ ಕ್ರ್ಯಾಂಕಿನ ಭಾಗ) ಗೀರಿಲ್ಲದಿದ್ದರೆ, ಗ್ರೈಂಡಿಂಗ್ ಇಲ್ಲದೆ ಸ್ಟ್ಯಾಂಡರ್ಡ್ ಶೆಲ್ ಹಾಕಿದ್ದು ಎಷ್ಟು ದಿನ ಬಾಳಿತು?