ಸಹಾಯ ಬೇಕು: ಮಕ್ಕಳ ಕಿರುಚಿತ್ರದಲ್ಲಿ ತುಟಿಗೂ ಮಾತಿಗೂ ಹೊಂದುತ್ತಿಲ್ಲ

ನಮ್ಮ ಕಿರುಚಿತ್ರ ಶಿಬಿರದ ಮಕ್ಕಳು ಮೊಬೈಲಲ್ಲಿ ಶೂಟ್ ಮಾಡಿ, ಬೇರೆ ರೆಕಾರ್ಡರಲ್ಲಿ ಧ್ವನಿ ಹಿಡಿದಿದ್ದಾರೆ. ಭಾನುವಾರ ಪ್ರದರ್ಶನ. ಶುರುವಿನ ಚಪ್ಪಾಳೆಗೆ ಧ್ವನಿ ಸರಿಯಾಗಿ ಕೂರಿಸಿದರೂ, ಹತ್ತು ನಿಮಿಷದ ಶಾಟ್ ಮುಗಿಯೋಷ್ಟರಲ್ಲಿ ಅಜ್ಜಿ ಪಾತ್ರದ ಹುಡುಗಿ ಬಾಯಿ ಮುಚ್ಚಿದ ಮೇಲೆ ಮಾತು ಕೇಳಿಸುತ್ತೆ. ಧ್ವನಿಯ ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಧ್ವನಿ ಅಳೆಯುತ್ತೆ ಅನ್ನೋದು) ರೆಕಾರ್ಡರಲ್ಲೂ ಎಡಿಟಿಂಗ್ ಪ್ರಾಜೆಕ್ಟಲ್ಲೂ 48 ಕಿಲೋಹರ್ಟ್ಸೇ ಇದೆ. ಎಡಿಟಿಂಗ್ ಟೈಮ್‌ಲೈನನ್ನು ಸೆಕೆಂಡಿಗೆ 25, ಆಮೇಲೆ 30 ಫ್ರೇಮಿಗೆ (ಚಿತ್ರಕ್ಕೆ) ಬದಲಿಸಿ ನೋಡಿದೆ, ಹಾಗೇ ಇದೆ.

ಮೊಬೈಲ್ ವಿಡಿಯೋದ ಫ್ರೇಮ್ ರೇಟ್ ಏರುಪೇರಾಗುತ್ತೆ, ಹ್ಯಾಂಡ್‌ಬ್ರೇಕ್ ಅನ್ನೋ ವಿಡಿಯೋ ಬದಲಿಸೋ ಸಾಫ್ಟ್‌ವೇರಲ್ಲಿ ಸ್ಥಿರ ರೇಟಿಗೆ ತರಬೇಕು ಅಂತ ಈಗ ತಿಳೀತು. ಆದರೆ ಅರ್ಧ ಎಡಿಟಿಂಗ್ ಮುಗಿದಿದೆ, ಅದೂ ಮಕ್ಕಳೇ ಮೂರು ಸಂಜೆ ಕೂತು ಕತ್ತರಿಸಿದ್ದು. ಅದನ್ನ ಅಳಿಸೋಕೆ ಮನಸ್ಸೇ ಬರ್ತಿಲ್ಲ.

ಬದಲಿಸಿದ ಫೈಲನ್ನು ಹಳೇ ಫೈಲಿನ ಜಾಗಕ್ಕೆ ಅದೇ ಹೆಸರಲ್ಲಿ ಹಾಕಿದರೆ ಕಟ್‌ಗಳು ಇದ್ದಲ್ಲೇ ಉಳಿಯುತ್ತವಾ, ಇಲ್ಲ ಮೊದಲಿಂದ ಎಡಿಟ್ ಮಾಡಬೇಕಾ?